ಹಿರೇಬಾವಿಗೆ ಇಳಿದ ಹಗ್ಗ

ಪರಮಪೂಜ್ಯ ನಿರ್ವಾಣಲಿಂಗ ಅಜ್ಜನವರು ಸುತ್ತ ನಲವತ್ತು ಹಳ್ಳಿಗೆ ಗುರುಗಳು. ಆದರೂ ಅವರ ದರ್ಶನ ಬೇಕಾದರೆ ಮಠದ ದಾಸೋಹದ ಅಡುಗೆಮನೆಗೇ ಹೋಗಬೇಕಿತ್ತು. ಗೋಣಿತಟ್ಟಿನ ಮೇಲೆ ಕುಳಿತು ಜೋಳದೊಳಗಿನ ಹರಳು ಆರಿಸುತ್ತಿದ್ದರು. ಅವರು ಕಟ್ಟಿಸಿದ ಕಾಲೇಜು ಸಣ್ಣದು, ಎಂ.ಎ. ಓದುವವರು ಒಂಬತ್ತೇ ಮಂದಿ. ಅಲ್ಲೊಂದು ಕಟ್ಟಳೆ ಇತ್ತು: ಯಾರು ಪ್ರಬಂಧ ಬರೆದರೂ ವಿಶ್ವವಿದ್ಯಾಲಯಕ್ಕೆ ಕಳಿಸುವ ಮೊದಲು, ಅದರಲ್ಲಿ ಹೆಸರು ಬಂದವರನ್ನೆಲ್ಲ ಕೂಡಿಸಿಕೊಂಡು, ಅಜ್ಜನವರೆದುರು ಗಟ್ಟಿಯಾಗಿ ಓದಬೇಕು.

ಆ ವರ್ಷ ನೀಲಾಂಬಿಕಾ ಎಂಬ ಹುಡುಗಿ ನಮ್ಮ ಭಾಗದ ನಲವತ್ತು ಹಳೆಯ ಬಾವಿಗಳ ಮೇಲೆ ಬರೆದಿದ್ದಳು. ಬಾವಿ ಎಂದ ಮೇಲೆ ನನ್ನನ್ನು ಬಿಟ್ಟು ಯಾರನ್ನು ಕೇಳಬೇಕು? ನೂರಾ ಎಂಟು ಬಾವಿ ತೋಡಿದ ದ್ಯಾಮಣ್ಣ ನಾನು. ನೆಲಕ್ಕೆ ಕಿವಿ ಹಚ್ಚಿದರೆ ಪಾತಾಳದ ಗಂಗೆ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಅಕ್ಷರ ಮಾತ್ರ ಬಾರದು. ಇದನ್ನೂ ಮೊಮ್ಮಗಳಿಂದ ಬರೆಸುತ್ತಿದ್ದೇನೆ. ಆ ನಲವತ್ತೂ ಬಾವಿಗಳ ಆಳವನ್ನು ಕಟ್ಟೆಯ ಮೇಲೆ ಕುಳಿತೇ ಅವಳಿಗೆ ಹೇಳಿಬಿಟ್ಟಿದ್ದೆ.

ಓದುವ ದಿನ ನಾವೆಲ್ಲ ಅಡುಗೆಮನೆಯಲ್ಲಿ ಕೂಡಿದೆವು. ನೀಲಾಂಬಿಕಾ ಓದಿದಳು: “ಮಠದ ಹಿರೇಬಾವಿಯ ಆಳ ಅರವತ್ತು ಮೊಳ.”

ಹರಳು ಆರಿಸುತ್ತಿದ್ದ ಅಜ್ಜನವರ ಕೈ ನಿಂತಿತು. “ಅಳದೀಯೇನವ್ವಾ?”

“ಇಲ್ಲರೀ ಅಜ್ಜಾರ. ದ್ಯಾಮಣ್ಣ ಕಾಕಾ ಹೇಳ್ಯಾರ.”

“ನಮ್ಮಪ್ಪನ ಅಪ್ಪ ತೋಡಿದ್ದರೀ ಅದು!” ಎಂದೆ ನಾನು. “ತಳದಾಗ ಆದಿಶೇಷ ಹೆಡಿ ಸರಿಸಿ ಜಾಗಾ ಕೊಟ್ಟಾನ್ರಿ.”

ಅವಳಿಗೆ ಪ್ರಬಂಧ ಬರೆಸಿದ ಹಲಗೇರಿ ಮಾಸ್ತರು ಮೆಲ್ಲಗೆ, “ಬಾವ್ಯಾಗ ಇಳದು ನೋಡಾವರ್ಯಾರ್ರೀ ಅಜ್ಜಾರ? ಪ್ರಬಂಧ ಕಳಸಾಕ ಕಡೇ ದಿನ ನಾಡಿದ್ದ ಐತಿ. ತಪ್ಪಿದ್ರ ಹುಡುಗಿ ಒಂದು ವರ್ಷ ಹಿಂದ ಬೀಳ್ತಾಳ,” ಎಂದರು.

ಪೂಜ್ಯರು ಎದ್ದು ನಿಂತರು. ಆಡಿದ್ದು ಎರಡೇ ಶಬ್ದ: “ಹಗ್ಗ ತರ್ರಿ.”

ಹಗ್ಗಕ್ಕೆ ಕಲ್ಲು ಕಟ್ಟಿ ಹಿರೇಬಾವಿಗೆ ಇಳಿಬಿಟ್ಟವರು ಸ್ವತಃ ಅಜ್ಜನವರೇ. ಮೊಳ ಎಣಿಸಿದವನು ನಾನು. ಇಡೀ ಕಾಲೇಜು ಬಗ್ಗಿ ನೋಡುತ್ತಿತ್ತು. ಇಪ್ಪತ್ತೆರಡಕ್ಕೆ ಹಗ್ಗ ಸಡಿಲಾಯಿತು.

“ಕಲ್ಲು ಆದಿಶೇಷನ ಹೆಡಿ ಮ್ಯಾಲ ಕುಂತಿರಬೇಕ್ರಿ,” ಎಂದೆ. ಎಲ್ಲರೂ ನಕ್ಕರು. ನೀಲಾಂಬಿಕಾ ನಗಲಿಲ್ಲ. ಹಾಳೆಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಉಳಿದ ಮೂವತ್ತೊಂಬತ್ತೂ ನನ್ನ ಬಾಯಿಂದಲೇ ಬಂದವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಎಷ್ಟೋ ಬಾವಿಯ ದಡ ಕುಸಿದಾಗ ಹೆದರದ ಎದೆ ನನ್ನದು. ಆ ಮುಖ ನೋಡಿ ಕುಸಿಯಿತು. “ಸುಳ್ಳು ಹೇಳಿದ್ನಿರೀ ಅಜ್ಜಾರ,” ಎಂದು ಕಾಲು ಹಿಡಿದೆ.

ಅಜ್ಜನವರು ಸಿಟ್ಟಾಗಲಿಲ್ಲ. “ಇನ್ನೊಂದು ವರ್ಷ ಇಲ್ಲೇ ಉಣ್ಣವ್ವಾ. ನಲವತ್ತೂ ಬಾವಿ ಅಳದು ನೋಡು,” ಎಂದರು. “ದ್ಯಾಮಣ್ಣ ಹೇಳಿದ್ದನ್ನೂ ಬರಿ, ಹಗ್ಗ ಹೇಳಿದ್ದನ್ನೂ ಬರಿ. ಆದ್ರ ಒಂದರಾಗ ಒಂದು ಕಲಸಬ್ಯಾಡ.”

ಹಗ್ಗವನ್ನು ನನ್ನ ಹೆಗಲಿಗೆ ಹಾಕಿದರು. ಬೇರೆಯವರಾಗಿದ್ದರೆ ವಾರದೊಳಗೆ ಓಡಿಹೋಗುತ್ತಿದ್ದರು; ನಾನು ವರ್ಷವಿಡೀ ಅವಳ ಹಿಂದೆ ಹಳ್ಳಿ ಹಳ್ಳಿ ತಿರುಗಿದೆ. ಪ್ರಬಂಧ ಪಾಸಾಯಿತು. ಅದರಲ್ಲಿ ಅಳತೆಗೊಂದು ಅಧ್ಯಾಯ, ನನ್ನ ಕಥೆಗಳಿಗೊಂದು ಅಧ್ಯಾಯ. ನನ್ನದೇ ದೊಡ್ಡದು. ಇದು ಬಡಾಯಿಯಲ್ಲ, ಪುಟ ಎಣಿಸಿ ನೋಡಿದ್ದೇನೆ.

ಅಜ್ಜನವರು ಲಿಂಗೈಕ್ಯರಾಗಿ ಹನ್ನೊಂದು ವರ್ಷವಾಯಿತು. ಇಂದಿಗೂ ಯಾರಾದರೂ ಬಾವಿಯ ಆಳ ಕೇಳಿದರೆ ಈ ದ್ಯಾಮಣ್ಣನ ಬಾಯಿಂದ ಅಂಕಿ ಬರುವುದಿಲ್ಲ. “ಹಗ್ಗ ತರ್ರಿ,” ಅನ್ನುತ್ತೇನೆ. ಆದಿಶೇಷನ ಕಥೆ ಬೇಕಾದವರು ಆಮೇಲೆ ಕಟ್ಟೆಯ ಮೇಲೆ ಬಂದು ಕೂಡಲಿ.