ಪ್ರಸ್ಥಾನದ ಚೀಲ

“ಮಗಳು ಮಾತು ಮೀರಿದರೆ ತಾಯಿ ಏನು ಮಾಡಬೇಕು?” ಎಂದು ಶಿಷ್ಯೆ ಕೇಳಿದಳು.

ಗುರುಗಳು, “ಮೀರಿದಳೋ, ಮೀರಿಯಾಳು ಎಂಬ ಭಯವೋ?” ಎಂದರು.

“ಮೀರಿದಳು. ಹೋಗಬೇಡ ಎಂದ ಕಡೆಗೇ ಹೋದಳು. ನಾನು ನಿಂತು ನೋಡುತ್ತಿದ್ದಂತೆಯೇ ಹೋದಳು. ಅಂದಿನಿಂದ ಅವಳೊಡನೆ ಮಾತು ಬಿಟ್ಟಿದ್ದೇನೆ. ಇಂದಿಗೆ ಹನ್ನೊಂದು ದಿನ. ಅವಳಾಗಿ ಬಂದು ತಪ್ಪಾಯಿತು ಎನ್ನುವವರೆಗೆ ಮಾತಿಲ್ಲ. ನಾನು ಮಾಡಿದ್ದು ಸರಿಯೇ?”

“ಸರಿಯೋ ತಪ್ಪೋ ಆಮೇಲೆ ನೋಡೋಣ. ಮೊದಲು ಇದನ್ನು ಕೇಳು,” ಎಂದು ಗುರುಗಳು ಹೇಳತೊಡಗಿದರು.

ಮೆಣಸಿನಕಾಯಿ ವ್ಯಾಪಾರದ ಒಂದು ಊರಿನಲ್ಲಿ ಒಬ್ಬ ಭೂಗೋಳದ ಉಪನ್ಯಾಸಕಿ ಇದ್ದಳು. ಒಂದೇ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು. ಪ್ರತಿ ವರ್ಷ ಒಂದು ದಿನ ಅವಳು ಕಪ್ಪುಹಲಗೆಯ ಮೇಲೆ ನಾರ್ವೆ ದೇಶದ ತೀರವನ್ನು ಬರೆಯುತ್ತಿದ್ದಳು. ಹಿಮನದಿ ಕೊರೆದ ಕಣಿವೆಯೊಳಗೆ ಕಡಲು ನುಗ್ಗಿ ನಿಂತರೆ ಅದಕ್ಕೆ ಫಿಯೋರ್ಡ್ ಎನ್ನುತ್ತಾರೆ ಎಂದು ಹೇಳಿಕೊಡುತ್ತಿದ್ದಳು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ನೀವು ನೋಡಿದ್ದೀರಾ ಮೇಡಂ?” ಎಂದು ಕೇಳಿದಳು. ಉಪನ್ಯಾಸಕಿ ಹಲಗೆ ಒರೆಸಿದಳು. ಮನೆಗೆ ಬಂದು ಹೊಸ ನೋಟುಬುಕ್ಕು ತೆಗೆದು ಮೊದಲ ಪುಟದಲ್ಲಿ ‘ಪ್ರಯಾಣ’ ಎಂದು ಬರೆದಳು.

ಅವಳಿಗೆ ಇಬ್ಬರು ಮಕ್ಕಳು. ಮಗಳು ಎರಡನೇ ಪಿಯುಸಿ, ಮಗ ಒಂಬತ್ತನೇ ತರಗತಿ. ಮರುವರ್ಷ ಮಗಳು ಓದಲು ಬೇರೆ ಊರಿಗೆ ಹೋಗುವವಳು. ಮೂವರೂ ಜೊತೆಯಲ್ಲಿ ನಿಂತು ಆ ತೀರವನ್ನು ನೋಡುವುದಾದರೆ ಈ ದಸರಾ ರಜೆಯಲ್ಲಿ ನೋಡಬೇಕು, ಇಲ್ಲವಾದರೆ ಇಲ್ಲ ಎಂದು ತಾಯಿ ಗೊತ್ತುಮಾಡಿಕೊಂಡಳು. ಗಂಡನಿಗೆ ರಜೆ ಸಿಗಲಿಲ್ಲ. ನೀವು ಹೋಗಿಬನ್ನಿ ಎಂದ.

ಗಂಡನ ಅಣ್ಣ ಹಾಗೆನ್ನಲಿಲ್ಲ. ಕೇಳಿದ ದಿನವೇ ಬಂದು ಹಜಾರದಲ್ಲಿ ಕುಳಿತ.

“ಕಾಶಿಗೆ ಹೋಗ್ತೀನಿ ಅಂದಿದ್ದರೆ ನಾನೇ ಕಳಿಸಿಕೊಡುತ್ತಿದ್ದೆ ಕಣಮ್ಮ. ಐಸಿನ ಪೆಟ್ಟಿಗೆಯೊಳಗೆ ಹೋಗಿ ಕೂರೋದಕ್ಕೆ ಅಷ್ಟು ದೂರ ಯಾಕೆ? ಅಲ್ಲಿ ಮೊಸರನ್ನ ಕೂಡ ಸಿಗಲ್ಲ.”

“ಸಿಗದಿದ್ದರೆ ಬೇಡ ಬಿಡಿ ಭಾವ. ಮೊಸರನ್ನ ಇಲ್ಲೇ ನಲವತ್ತೇಳು ವರ್ಷ ಉಂಡಿದ್ದೇನೆ.”

“ಮೂರು ದಿನದಲ್ಲಿ ಮಕ್ಕಳು ಅಳ್ತಾ ವಾಪಸ್ಸು ಬರ್ತಾವೆ, ನೋಡ್ತಿರು.”

“ಬಂದರೆ ನೀವೇ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುವಿರಂತೆ,” ಎಂದು ಅವಳು ಕಾಫಿ ತರಲು ಎದ್ದಳು.

ಹೀಗೆ ಹೇಳಿದ ಮೇಲೆ ಪ್ರಯಾಣದಲ್ಲಿ ಒಂದು ಲೋಪವೂ ಆಗಬಾರದು. ತಾಯಿ ಏಳು ತಿಂಗಳು ಸಿದ್ಧತೆ ಮಾಡಿದಳು. ಯಾವ ದಿನ ಯಾವ ಊರು, ಯಾವ ಹೊತ್ತಿಗೆ ಯಾವ ಬಸ್ಸು, ಯಾರ ಮೈಮೇಲೆ ಎಷ್ಟು ಪದರ ಬಟ್ಟೆ, ಎಲ್ಲವೂ ನೋಟುಬುಕ್ಕಿಗೆ ಬಂದವು. ಮಕ್ಕಳು ತಂತಮ್ಮ ಆಸೆಗಳನ್ನು ಹೇಳಿದರು. ಮಗ ಹಿಮದಲ್ಲಿ ಜಾರುವ ಆಟ ಆಡಬೇಕು ಎಂದ. ಮಗಳು ಒಂದು ದಿನವಾದರೂ ಯಾವ ಯೋಜನೆಯೂ ಇಲ್ಲದೆ ಸುಮ್ಮನೆ ತಿರುಗಬೇಕು ಎಂದಳು. ತಾಯಿ ಎರಡನ್ನೂ ಕೇಳಿಸಿಕೊಂಡಳು, ಎರಡನ್ನೂ ಬರೆದುಕೊಳ್ಳಲಿಲ್ಲ. ನೋಟುಬುಕ್ಕಿನಲ್ಲಿ ಇರುವುದು ನಡೆಯುತ್ತದೆ, ಇಲ್ಲದ್ದು ನಡೆಯುವುದಿಲ್ಲ ಎಂಬುದು ಆ ಮನೆಯ ನಿಯಮವಾಯಿತು.

ಊರಿನ ಸೆಕೆಯಲ್ಲಿ ಬೆಳೆದ ಮಕ್ಕಳಿಗೆ ಚಳಿಯ ಅಭ್ಯಾಸ ಇರಲಿಲ್ಲ. ಅದಕ್ಕೂ ತಾಯಿ ಉಪಾಯ ಹುಡುಕಿದಳು. ಪರಿಚಯದ ವ್ಯಾಪಾರಿಯೊಬ್ಬನಿಗೆ ಮೆಣಸಿನಕಾಯಿ ಮೂಟೆಗಳನ್ನು ಕಾಪಿಡುವ ಶೀತಲಗೃಹ ಇತ್ತು. ಒಂದು ಭಾನುವಾರ ಮಕ್ಕಳಿಗೆ ಹೊಸ ಉಣ್ಣೆಯ ಕೋಟು ತೊಡಿಸಿ ಅದರೊಳಗೆ ಅರ್ಧ ಗಂಟೆ ನಿಲ್ಲಿಸಿದಳು. ಚಳಿ ಏನೂ ಮಾಡಲಿಲ್ಲ. ಘಾಟಿಗೆ ಇಬ್ಬರೂ ಕಣ್ಣು ಮೂಗು ಸುರಿಸಿಕೊಂಡು ಹೊರಬಂದರು.

“ಅಲ್ಲಿನ ಹಿಮವೂ ಇಷ್ಟೇ ಖಾರ ಇರುತ್ತಾ ಅಮ್ಮ?” ಎಂದು ಮಗ ಕೇಳಿದ. ತಾಯಿ ನಗಲಿಲ್ಲ. ‘ಕೋಟು ಸಾಕಾಗುತ್ತದೆ’ ಎಂದು ಬರೆದುಕೊಂಡಳು.

ಹೊರಡುವ ದಿನ ಶುಕ್ರವಾರ ಬಂತು. ಶುಕ್ರವಾರ ಮನೆಯ ಹೆಣ್ಣುಮಕ್ಕಳು ಹೊಸ್ತಿಲು ದಾಟಿ ದೂರ ಹೋಗಬಾರದು ಎಂದು ಅತ್ತೆ ಹಟ ಹಿಡಿದಳು. ಇದಕ್ಕೆ ಹಿರಿಯರು ಕಂಡುಕೊಂಡ ದಾರಿ ಒಂದಿದೆ. ಒಳ್ಳೆಯ ದಿನ, ಒಳ್ಳೆಯ ಹೊತ್ತು ನೋಡಿ ಪ್ರಯಾಣದ ಒಂದು ಗಂಟನ್ನು ಮೊದಲೇ ಹೊರಗೆ ಕಳಿಸಿ ಬೇರೆಯವರ ಮನೆಯಲ್ಲಿ ಇಡುತ್ತಾರೆ. ಪ್ರಯಾಣ ಆ ಹೊತ್ತಿಗೇ ಶುರುವಾಯಿತು ಎಂದು ಲೆಕ್ಕ. ಅದನ್ನು ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊರಡುವ ದಿನ ಆ ಗಂಟನ್ನು ಎತ್ತಿಕೊಂಡು ಹೋದರಾಯಿತು.

ಉಪನ್ಯಾಸಕಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಅತ್ತೆಯ ಇದೊಂದು ಮಾತು ನಡೆಸಿಕೊಟ್ಟರೆ ಉಳಿದ ನೂರು ಮಾತು ತಪ್ಪುತ್ತದೆ ಎಂದು ಒಪ್ಪಿದಳು. ಒಟ್ಟು ಮೂರು ಚೀಲ. ಮೊದಲೆರಡರಲ್ಲಿ ದಿನವೂ ಬೇಕಾಗುವ ಸಾಮಾನು. ಮೂರನೆಯದರಲ್ಲಿ ಕೋಟು, ಕಾಲುಚೀಲ, ಕೈಗವಸು. ಅಲ್ಲಿ ಇಳಿಯುವವರೆಗೆ ಬೇಡದ್ದು ಅದೊಂದೇ. ಬುಧವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಅದನ್ನು ಪಕ್ಕದ ಮನೆಯ ಪಡಸಾಲೆಯಲ್ಲಿ ಇಟ್ಟುಬಂದಳು. ಯಾವ ಚೀಲ ಮನೆ ಬಿಟ್ಟರೂ ಅದರ ಹೆಸರಿನ ಮುಂದೆ ಒಂದು ಗುರುತು ಹಾಕುವುದು ಅವಳ ಪದ್ಧತಿ. ಹಾಕಿದಳು.

ಶುಕ್ರವಾರ ಬೆಳಿಗ್ಗೆ ಕಾರು ಬಂತು. ಎರಡು ಚೀಲ ಹೊರಗೆ ಹೋದವು, ಎರಡು ಗುರುತು ಬಿದ್ದವು. ತಾಯಿ ಪುಟ ನೋಡಿದಳು. ಮೂರು ಹೆಸರು, ಮೂರು ಗುರುತು. ಅವಳು ತೃಪ್ತಿಯಿಂದ ಕಾರು ಹತ್ತಿದಳು.

ಮರುದಿನ ಸಂಜೆ ಅವರು ಆ ದೇಶದ ಉತ್ತರದ ತುದಿಯ ಒಂದು ಸಣ್ಣ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದರು. ಮೂರನೆಯ ಚೀಲಕ್ಕಾಗಿ ಒಂದು ಗಂಟೆ ಕಾದರು. ತಾಯಿ ಅಲ್ಲಿನ ಸಿಬ್ಬಂದಿಯೊಬ್ಬನಿಗೆ ಜೋರು ಮಾಡಿದಳು, ನೋಟುಬುಕ್ಕು ಬಿಡಿಸಿ ಗುರುತು ತೋರಿಸಿದಳು. ಆತ ವಿನಯದಿಂದ ಚೀಲದ ಚೀಟಿ ಕೇಳಿದ. ಚೀಟಿಗಳು ಎರಡೇ ಇದ್ದವು.

ಮಗ ಮೆಲ್ಲಗೆ ಹೇಳಿದ: “ಅಮ್ಮ, ಅದು ಪಕ್ಕದ ಮನೆ ಪಡಸಾಲೆಯಲ್ಲೇ ಇದೆ. ನಾವ್ಯಾರೂ ಎತ್ತಿಕೊಳ್ಳಲೇ ಇಲ್ಲ.”

ತಾಯಿ ನೋಟುಬುಕ್ಕು ಮುಚ್ಚಿದಳು.

ಅವರು ಇಳಿದುಕೊಂಡದ್ದು ಒಬ್ಬ ವಿಧವೆಯ ಮನೆಯಲ್ಲಿ. ಮೇಲಿನ ಕೋಣೆಯನ್ನು ಅವಳು ಪ್ರವಾಸಿಗರಿಗೆ ಕೊಡುತ್ತಿದ್ದಳು. ಮರುದಿನ ಭಾನುವಾರ, ಅಂಗಡಿಗಳಿಗೆಲ್ಲ ಬೀಗ. ಫಿಯೋರ್ಡಿನೊಳಗೆ ಹೋಗುವ ದೋಣಿಗೆ ಅದೇ ಆ ವರ್ಷದ ಕೊನೆಯ ದಿನ. ಮೇಲೆ ಚಾವಣಿ ಇಲ್ಲದ ದೋಣಿ. ಬೆಚ್ಚನೆಯ ಕೋಟು ಇಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಟಿಕೆಟ್ಟಿನಲ್ಲೇ ಬರೆದಿತ್ತು.

ಮನೆಯೊಡತಿ ವಿಷಯ ತಿಳಿದು ಬೀರು ತೆರೆದಳು. ಮೂರು ಕೋಟು ಹೊರಗೆ ತೆಗೆದಳು. ಒಂದು ತನ್ನದು, ಒಂದು ದೂರದಲ್ಲಿರುವ ಮಗನದು, ಒಂದು ತೀರಿಹೋದ ಗಂಡನದು ಎಂದು ಹೇಳಿ ಕುರ್ಚಿಯ ಮೇಲೆ ಇಟ್ಟುಹೋದಳು.

“ಬೇಡ,” ಎಂದಳು ತಾಯಿ. “ಪರರು ತೊಟ್ಟ ಬಟ್ಟೆಯನ್ನು ನಮ್ಮ ಮನೆತನದಲ್ಲಿ ಯಾರೂ ತೊಟ್ಟಿಲ್ಲ. ಅದರಲ್ಲೂ ಸತ್ತವರದ್ದು. ಊರಲ್ಲಿ ಗೊತ್ತಾದರೆ ನಿಮ್ಮ ದೊಡ್ಡಪ್ಪ ಇದನ್ನೇ ಹತ್ತು ವರ್ಷ ಆಡಿಕೊಳ್ಳುತ್ತಾರೆ.”

“ನಾಳೆಯದೇ ಕೊನೆಯ ದೋಣಿ ಅಮ್ಮ,” ಎಂದಳು ಮಗಳು.

“ಕಿಟಕಿಯಿಂದ ಕಾಣುವಷ್ಟು ನೋಡೋಣ. ಉಳಿದದ್ದು ಮುಂದಿನ ಸಲ.”

“ಮುಂದಿನ ಸಲ ಅನ್ನೋದು ನಿನ್ನ ನೋಟುಬುಕ್ಕಿನ ಎಷ್ಟನೇ ಪುಟದಲ್ಲಿದೆ?”

“ಬಾಯಿ ಹೆಚ್ಚಾಯಿತು ನಿನಗೆ. ನಾಳೆ ಯಾರೂ ಈ ಬಾಗಿಲು ದಾಟುವ ಹಾಗಿಲ್ಲ. ಇದು ನನ್ನ ಮಾತು.”

ಮಗಳು ಆಗಲಿ ಎನ್ನಲಿಲ್ಲ. ಆಗುವುದಿಲ್ಲ ಎಂದೂ ಅನ್ನಲಿಲ್ಲ.

ಬೆಳಿಗ್ಗೆ ತಾಯಿ ಎದ್ದಾಗ ಮಕ್ಕಳ ಹಾಸಿಗೆ ಖಾಲಿ ಇತ್ತು. ಕೆಳಗೆ ಬಂದು ನೋಡಿದಳು. ಕುರ್ಚಿಯೂ ಖಾಲಿ ಇತ್ತು.

ಅವಳು ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿಕೊಂಡು, ಶಾಲು ಹೊದ್ದು, ದೋಣಿಕಟ್ಟೆಯ ಕಡೆಗೆ ನಡೆದಳು. ಮಕ್ಕಳನ್ನು ಎಳೆದುಕೊಂಡು ಬರುವುದು, ಅದೇ ದಿನ ಹಿಂದಿರುಗುವ ಟಿಕೆಟ್ಟು ನೋಡುವುದು ಎಂದು ನಿಶ್ಚಯಿಸಿದ್ದಳು. ಏನು ಬೈಯಬೇಕು ಎಂಬುದನ್ನು ದಾರಿಯುದ್ದಕ್ಕೂ ಒಂದೊಂದಾಗಿ ಜೋಡಿಸಿಕೊಂಡಳು. ಹತ್ತು ನಿಮಿಷದ ದಾರಿ. ಅರ್ಧ ದಾರಿಗೆ ಬೆರಳುಗಳು ಮರಗಟ್ಟಿದವು. ಮುಕ್ಕಾಲು ದಾರಿಗೆ ತುಟಿ ಅಲುಗದಾಯಿತು. ಆದರೂ ಅವಳು ನಿಲ್ಲಲಿಲ್ಲ.

ದೋಣಿ ಇನ್ನೂ ಹೊರಟಿರಲಿಲ್ಲ. ಮಗ ಅದರೊಳಗೆ ನಿಂತು ನಾವಿಕನಿಗೆ ಕೈಸನ್ನೆಯಲ್ಲಿ ಏನೋ ಹೇಳುತ್ತ ಅವನನ್ನು ತಡೆದು ನಿಲ್ಲಿಸಿದ್ದ. ಮಗಳು ದೋಣಿ ಹತ್ತಿರಲಿಲ್ಲ. ಕಟ್ಟೆಯ ಮೇಲೆ, ತಾಯಿ ಬರುವ ದಾರಿಗೆ ಮುಖ ಮಾಡಿ ನಿಂತಿದ್ದಳು.

“ಯಾರನ್ನು ಕೇಳಿ ಬಂದೆ?” ಎಂದಳು ತಾಯಿ. ಜೋಡಿಸಿಕೊಂಡು ಬಂದದ್ದರಲ್ಲಿ ಅಷ್ಟೇ ಹೊರಬಂತು.

“ಯಾರನ್ನೂ ಕೇಳಲಿಲ್ಲ.”

“ನಾನು ಬರದೇ ಹೋಗಿದ್ದರೆ?”

“ಬರುತ್ತೀ ಅಂತ ಗೊತ್ತಿತ್ತು. ಬೈಯೋದಕ್ಕಾದರೂ ಬರುತ್ತೀ.”

ತಾಯಿ ಮಗಳನ್ನು ನೋಡಿದಳು. ಮೊಣಕಾಲು ದಾಟಿದ ಗಂಡಸರ ಕೋಟು. ಮೂರರಲ್ಲಿ ಸತ್ತವನದು ಯಾವುದೆಂದು ತಾಯಿಗೆ ಗೊತ್ತಿತ್ತು. ಅದನ್ನು ಮಗಳು ತಾನೇ ತೊಟ್ಟಿದ್ದಳು. ಮನೆಯೊಡತಿಯ ಕೋಟು ಅವಳ ತೋಳ ಮೇಲೆ ಇತ್ತು. ಅದನ್ನು ಬಿಡಿಸಿ, ತಾಯಿಗೆ ತೋಳು ತೂರಿಸಲು ಆಗುವಂತೆ ಹಿಡಿದಳು.

ನಾವಿಕ ಗಂಟೆ ಬಾರಿಸಿದ.

ತಾಯಿ ಒಂದು ತೋಳು ತೂರಿಸಿದಳು. ಮತ್ತೊಂದನ್ನೂ ತೂರಿಸಿದಳು.

“ನಾನು ಒಪ್ಪಿದೆ ಅಂದುಕೊಳ್ಳಬೇಡ,” ಎಂದಳು.

“ಅಂದುಕೊಂಡಿಲ್ಲ. ಗುಂಡಿ ಹಾಕಿಕೋ,” ಎಂದಳು ಮಗಳು.

ದೋಣಿ ಹೊರಟಿತು. ಎರಡು ಗಂಟೆಗಳ ಮೇಲೆ ಅದು ಬೆಟ್ಟಗಳ ನಡುವೆ ತಿರುಗಿ ಫಿಯೋರ್ಡಿನೊಳಗೆ ಬಂದಾಗ ಮೂವರೂ ಒಂದೇ ಕಡೆ ನಿಂತಿದ್ದರು. ಹಲಗೆಯ ಮೇಲೆ ತಾನು ಬರೆಯುತ್ತಿದ್ದ ಫಿಯೋರ್ಡ್ ಬಹಳ ಅಗಲವಾಗಿತ್ತು ಎಂದು ತಾಯಿ ಹೇಳಿದಳು. ಕಣ್ಣೆದುರಿನದು ಇಕ್ಕಟ್ಟಾಗಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

 ಶಿಷ್ಯೆ ತಲೆ ಎತ್ತಿ ದೃಢವಾಗಿಯೇ ಹೇಳಿದಳು: “ಆ ಹುಡುಗಿ ತಾಯಿಯ ಆಸೆ ಉಳಿಸಲು ಮಾತು ಮೀರಿದಳು ಗುರುಗಳೇ. ಮೀರಿದ್ದಕ್ಕೆ ಅರ್ಥ ಇತ್ತು. ನನ್ನ ಮಗಳದು ಹಾಗಲ್ಲ. ಅವಳದು ಬರೀ ಹಟ. ನನ್ನನ್ನು ಗೆಲ್ಲಬೇಕು, ಅಷ್ಟೇ. ಅವಳು ಹೋದ ರೀತಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.”

“ಬೆನ್ನನ್ನು ನೋಡಿದ್ದೀಯೆ,” ಎಂದರು ಗುರುಗಳು. “ಅವಳ ತೋಳ ಮೇಲೆ ಏನಿತ್ತು?”