ಸಿರಿಗಲ್ಲಿನ ಮೂರು ಆಂಪ್ಲಿಫೈಯರುಗಳು

“ಕೇಳಿರಪ್ಪೋ ಕೇಳಿ! ಅರಮನೆಯ ಮೂರು ಆಂಪ್ಲಿಫೈಯರುಗಳ ಮೇಲೆ ಮೂರು ಒಗಟು. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿ ಪದ್ಮಲೆಯೊಡನೆ ಮದುವೆ. ಒಂದು ತಪ್ಪಿದರೂ ಸೆರೆ. ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ ಯಾರೂ ಬಿಡಿಸದಿದ್ದರೆ ಸೆರೆಯಲ್ಲಿದ್ದವರಿಗೆಲ್ಲ ನೇಣು!”

ಸಿರಿಗಲ್ಲಿನ ದೊರೆ ಮಲ್ಲರಸ ಹೀಗೆ ಡಂಗುರ ಹೊಡೆಸಿದ. ಅವನ ರಾಣಿ ಗಿಟಾರ್ ನುಡಿಸುತ್ತಿದ್ದಳು. ಅವಳು ತೀರಿಕೊಂಡಾಗ ಉಳಿದದ್ದು ಒಬ್ಬ ಮಗಳು, ಮತ್ತೆ ಆ ಗಿಟಾರಿನ ದನಿ ಏರಿಸುತ್ತಿದ್ದ ಮೂರು ಕಾಲದ ಮೂರು ಆಂಪ್ಲಿಫೈಯರು. ಹಿರಿಯದಕ್ಕೆ ಒರಟು ಬಟ್ಟೆಯ ಹೊದಿಕೆ, ನಡುವಿನದಕ್ಕೆ ಕಪ್ಪು ಮುಖ, ಕಿರಿಯದಕ್ಕೆ ಬೆಳ್ಳಿಬಣ್ಣದ ಮುಖ. ಮೂರರ ಹೊಟ್ಟೆಯಲ್ಲೂ ಗಾಜಿನ ವಾಲ್ವುಗಳು, ಕರೆಂಟು ಕೊಟ್ಟರೆ ಕೆಂಡದ ಹಾಗೆ ಕೆಂಪಗಾಗುವಂಥವು. ದುಃಖ ಹಟಕ್ಕೆ ತಿರುಗಿದ ಅರಸನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ. ಯಾರ ಕುತ್ತಿಗೆಯಾದರೂ ಅವನಿಗೆ ಒಂದೇ.

ಮೊದಲು ಪಕ್ಕದ ರಾಜ್ಯದ ಯುವರಾಜ ಮೀಸೆ ತಿರುವುತ್ತ ಬಂದ. ಒಗಟು ಕೇಳಿ, “ನುಡಿಸಿ ತೋರಿಸಿ” ಎಂದ. ಸೇವಕರು ಸ್ವಿಚ್ಚು ಹಾಕಿದರು, ಪದ್ಮಲೆ ತಂತಿ ಮೀಟಿದಳು, ದನಿಯೇ ಬರಲಿಲ್ಲ. ಸಿರಿಗಲ್ಲಿನಲ್ಲಿ ದೊರೆಯನ್ನು ಕಾಯಿಸುವುದು ಮಹಾಪರಾಧ. ಸೇವಕರು ಒಡನೆ ಸ್ವಿಚ್ಚು ಆರಿಸಿದರು. ಯುವರಾಜ ಬಾಯಿಗೆ ಬಂದದ್ದು ಹೇಳಿ ಸೆರೆಮನೆ ಸೇರಿದ. ಆಸ್ಥಾನದ ಸಂಗೀತಗಾರ ಎರಡನೆಯ ಒಗಟಿನಲ್ಲಿ ಮುಗ್ಗರಿಸಿದ. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುವ ಓಬಳೇಶ ಎಂಬ ವಿಧುರ ಮಾತ್ರ ಮೂರನೆಯದರವರೆಗೆ ಹೋದ. ಹೋಗಿ ಅಲ್ಲೇ ಬಿದ್ದ. ಒಳಗೆ ಏನು ಕೇಳಿದರು, ಅವನು ಏನು ಹೇಳಿದ ಎಂಬುದು ಹೊರಗೆ ಯಾರಿಗೂ ತಿಳಿಯಲಿಲ್ಲ.

ಓಬಳೇಶನ ಮನೆಯಲ್ಲಿ ತಾಯಿಯಿಲ್ಲದ ಹಸುಗೂಸೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಅವನ ತಮ್ಮ, ಅದೇ ಆರ್ಕೆಸ್ಟ್ರಾದ ತಿಪ್ಪೇಶ. ಹುಣ್ಣಿಮೆಯ ಮಧ್ಯಾಹ್ನ ಅವನು ಕೂಸನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಅರಮನೆಗೆ ನಡೆದ. ಅಣ್ಣ ಸತ್ತರೆ ಆ ಮಗುವಿಗೆ ಅಪ್ಪನೂ ಇಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು.

ದೊರೆ ಮೊದಲ ಒಗಟು ಹೇಳಿದ. “ಮೆಲ್ಲಗೆ ಮೀಟಿದರೆ ಸಿಹಿಯಾಗಿ ಮಾತಾಡುತ್ತದೆ. ಜೋರಾಗಿ ಮೀಟಿದರೆ ಒಂದು ಗಳಿಗೆ ತಲೆ ತಗ್ಗಿಸಿ, ಆಮೇಲೆ ಉಬ್ಬಿ ಬಂದು ಗದರುತ್ತದೆ. ಯಾವುದು? ಯಾಕೆ?”

“ದನಿ ಕೇಳಿ ಹೇಳ್ಲಾ, ಬುದ್ಧಿ?”

ಸೇವಕರು ಸ್ವಿಚ್ಚು ಹಾಕಿದರು. ಪದ್ಮಲೆ ಕೈ ಎತ್ತಿದಳು.

“ಅಮ್ಮಾವ್ರೇ, ಈಗ್ಲೇ ಬ್ಯಾಡ. ವಾಲ್ವು ಬಿಸಿಯಾಗ್ಲಿ. ಒಂದು ಎಲೆಯಡಿಕೆ ಹಾಕ್ಕಳೋಷ್ಟು ಹೊತ್ತು.”

ಕಾವಲಿನವರ ಕೈ ಕತ್ತಿಗೆ ಹೋಯಿತು. “ನನ್ನನ್ನೇ ಕಾಯಿಸುತ್ತೀಯಾ?” ಎಂದ ದೊರೆ.

“ಅದುಕ್ಕೆ ದೊರೆ ಯಾರು, ಆಳು ಯಾರು ಅಂತ ಗೊತ್ತಾಗಲ್ಲ, ಬುದ್ಧಿ.”

ಮಲ್ಲರಸ ಕಾವಲಿನವರಿಗೆ ಕಣ್ಣಿನಲ್ಲೇ ತಡೆ ಹಾಕಿದ. ವಾಲ್ವುಗಳು ಕೆಂಪಗಾದ ಮೇಲೆ ಪದ್ಮಲೆ ಒಂದೊಂದರಲ್ಲೂ ನುಡಿಸಿದಳು. ಅರಮನೆಯಲ್ಲಿ ಅವುಗಳ ನಿಜವಾದ ದನಿ ಕೇಳಿ ಎಷ್ಟೋ ವರ್ಷವಾಗಿತ್ತು.

“ಹಿರೀದು, ಬುದ್ಧಿ. ಅದ್ರಲ್ಲಿ ಕರೆಂಟು ಒದಗ್ಸೋದೂ ಒಂದು ವಾಲ್ವೇ. ಜೋರಾಗಿ ಮೀಟಿದ್ರೆ ಅದುಕ್ಕೆ ದಮ್ಮು ಸಾಲಲ್ಲ. ಸುಧಾರಿಸ್ಕೊಂಡು ಏಳುತ್ತೆ.”

“ಸರಿ. ಎರಡನೆಯದು. ಬಾವಿಯಿಲ್ಲ, ಆದರೆ ಬಾವಿಯೊಳಗೆ ಹಾಡಿದ ದನಿ. ದನಿಯನ್ನು ಅರ್ಧ ಏರಿಸುವವರೆಗೆ ತಿಳಿನೀರು, ಆಮೇಲೆ ಬಗ್ಗಡ” ಎಂದ ದೊರೆ.

“ಕಪ್ಪು ಮುಖದ್ದು. ಒಳಗೆ ತಗಡಿನ ಡಬ್ಬೀಲಿ ಸ್ಪ್ರಿಂಗು ಅವೆ, ದನಿ ಅದ್ರಲ್ಲಿ ಓಡಾಡಿ ಬರುತ್ತೆ. ಹಿರೀದ್ರಲ್ಲಿ ಸ್ಪ್ರಿಂಗೇ ಇಲ್ಲ. ಬೆಳ್ಳಿ ಮುಖದ್ರಲ್ಲಿ ಅವೆ, ಆದ್ರೆ ಅದು ಅಷ್ಟು ಬೇಗ ಬಗ್ಗಡ ಆಗಲ್ಲ.”

ಕಿಟಕಿಯಾಚೆ ಹೊತ್ತು ಇಳಿದಿತ್ತು. ಅಂಗಳದಲ್ಲಿ ಆಳುಗಳು ಮರಳಿನ ಮೂಟೆ ಕಟ್ಟಿ ನೇಣಿನ ಹಗ್ಗ ಪರೀಕ್ಷಿಸುತ್ತಿದ್ದರು. ಮೂಟೆ ಬೀಳುವ ಸದ್ದು ಒಳಗೂ ಕೇಳಿತು.

ದೊರೆಯ ದನಿ ತಗ್ಗಿತು. “ಮೂರನೆಯದು. ಪದ್ಮಲೆ ತೊಟ್ಟಿಲಲ್ಲಿದ್ದಳು. ರಾಣಿ ಪಕ್ಕದಲ್ಲೇ ಕೂತು ನುಡಿಸುತ್ತಿದ್ದಳು. ದನಿ ಗುರುಗುಟ್ಟುತ್ತಿತ್ತು, ಒಡೆದು ಬರುತ್ತಿತ್ತು. ಅವಳು ನುಡಿಸಿದ್ದು ಯಾವುದರಲ್ಲಿ?”

ಗುರುಗುಟ್ಟುವುದು ಎಂದರೆ ಹಿರಿಯದೇ. ಆ ಮಾತು ತಿಪ್ಪೇಶನ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

“ಬುದ್ಧಿ, ಮಗೀಗೆ ಎಚ್ಚರ ಆಗ್ತಿತ್ತಾ?”

ಯಾರೂ ಕೇಳದ ಪ್ರಶ್ನೆ ಅದು. ದೊರೆ ಬೆಚ್ಚಿದ. “ಇಲ್ಲ. ಸುಖವಾಗಿ ಮಲಗಿರುತ್ತಿತ್ತು.”

“ಹಂಗಾರೆ ಬೆಳ್ಳಿ ಮುಖದ್ದು!”

ಸಭೆಯಲ್ಲಿ ಕಿಸಕ್ಕೆಂದು ನಗು ಎದ್ದಿತು. ಕಿರಿಯದು, ದನಿಯಲ್ಲಿ ಸಪ್ಪೆ ಎಂದು ಬಲ್ಲವರೆಲ್ಲ ಮೂಗು ಮುರಿಯುತ್ತಿದ್ದದ್ದು ಅದನ್ನು ಕಂಡೇ.

“ನಗಬ್ಯಾಡ್ರಪ್ಪ. ಹಿರೀದು ಗುರುಗುಟ್ಬೇಕಂದ್ರೆ ಪೂರ್ತಿ ಏರಿಸ್ಬೇಕು, ಕಪ್ಪು ಮುಖದ್ದನ್ನೂ ಅರ್ಧ ದಾಟಿಸ್ಬೇಕು. ನಮ್ಮನೇ ಕೂಸಿನ ಮುಂದೆ ಒಂದಿನ ಹಂಗೆ ಮಾಡಿ, ಬೀದಿಯೋರೆಲ್ಲ ಓಡಿ ಬರೋ ಹಂಗೆ ಅಳಿಸಿದೀನಿ. ಬೆಳ್ಳಿ ಮುಖದ್ರಲ್ಲಿ ಎರಡು ತಿರುಗಣೆ. ಒಂದನ್ನ ಏರಿಸಿದ್ರೆ ಒಳಗೇ ಗುರುಗುಟ್ಟುತ್ತೆ. ಇನ್ನೊಂದನ್ನ ಇಳಿಸಿದ್ರೆ ಆಚೆಗೆ ಬರೋ ದನಿ ಮೆತ್ತಗಾಗುತ್ತೆ. ಮಲಗಿರೋ ಮಗೀನ ಪಕ್ಕ ತಾಯಿ ಇನ್ಯಾವುದ್ರಲ್ಲಿ ನುಡಿಸ್ತಾಳೆ, ಬುದ್ಧಿ?”

ಪದ್ಮಲೆ ತಿರುಗಣೆ ಒಂದನ್ನು ಏರಿಸಿ, ಒಂದನ್ನು ಇಳಿಸಿ ನುಡಿಸಿದಳು. ದನಿ ಗುರುಗುಟ್ಟಿತು, ಆದರೆ ಸಿಂಹಾಸನ ದಾಟಿ ಆಚೆ ಹೋಗಲಿಲ್ಲ. “ಇದೇ. ಬಾಗಿಲ ಈಚೆ ನಿಂತು ನೋಡುತ್ತ ಕೇಳುತ್ತಿದ್ದೆ. ಒಂದು ದಿನವೂ ಒಳಗೆ ಹೋಗಿ ಅವಳ ಪಕ್ಕ ಕೂರಲಿಲ್ಲ” ಎಂದು ಮಲ್ಲರಸ ಎಲ್ಲರೆದುರು ಅತ್ತ.

“ಬುದ್ಧಿ, ಹೊತ್ತು ಮುಳುಗ್ತಾ ಐತೆ” ಎಂದ ತಿಪ್ಪೇಶ.

ದೊರೆ ತಾನೇ ಅಂಗಳಕ್ಕೆ ಓಡಿ ಹಗ್ಗ ಬಿಚ್ಚಿಸಿದ. ಅರ್ಧ ರಾಜ್ಯ, ಮದುವೆ ಎಲ್ಲ ಆಮೇಲೆ ಆದವು. ಮದುವೆಯಂತೂ ಪದ್ಮಲೆ ತಾನಾಗಿ ಒಪ್ಪಿದ ಮೇಲೆಯೇ ಆಯಿತು. ಆ ಸಂಜೆ ಮಾತ್ರ ತಿಪ್ಪೇಶ ಸೆರೆಮನೆಯ ಬಾಗಿಲಲ್ಲಿ ನಿಂತಿದ್ದ. ಓಬಳೇಶ ಕುತ್ತಿಗೆ ಸವರಿಕೊಳ್ಳುತ್ತ ಹೊರಗೆ ಬಂದ.

“ನಾನು ಹಿರೀದು ಅಂದೆ ಕಣೋ. ಇಷ್ಟು ವರ್ಷ ನುಡಿಸ್ದೋನು, ನಂಗ್ಯಾಕೆ ಹೊಳೀಲಿಲ್ಲ?”

“ಒಂದಿನಾನಾದ್ರೂ ಮಗೀನ ಮಲಗ್ಸಿದ್ರೆ ತಾನೇ, ಅಣ್ಣ!”

ಓಬಳೇಶನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. “ನಡಿ, ಇವತ್ತು ನಾನು ಮಲಗಿಸ್ತೀನಿ” ಎಂದು ತಮ್ಮನ ಕೈ ಹಿಡಿದು ಮನೆಯ ಕಡೆ ದಾಪುಗಾಲು ಹಾಕಿದ.