ಪಾಡ್ಯದ ಜ್ವರ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಮುದ್ದಾಜಿಯವರು ಒಡ್ಡುವ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಧಾರೆಯೆರೆದು, ಬೇಡಿದ ಒಂದು ವರ ಕೊಡಲಾಗುವುದು. ತಪ್ಪಿದವನಿಗೆ ಶೂಲ!"

ಡಂಗುರ ಕಂಚುಗಾರರ ಕೇರಿಗೆ ಬಂದಾಗ ಮಾಳಿಂಗ ಗಂಜಿ ಕುಡಿಯುತ್ತಿದ್ದ. ಅರಮನೆಯ ಎರಕದ ಮನೆಯಲ್ಲಿ ತಿದಿ ಒತ್ತುವವನು ಅವನು. ಅಲ್ಲೇ ಹಿತ್ತಾಳೆ ಎರೆಯುತ್ತಿದ್ದ ಅವನಣ್ಣ ನೀಲಣ್ಣ ಈಗ ಸೆರೆಯಲ್ಲಿದ್ದ. ಕಂಚುಗಾರರು ಅಮಾವಾಸ್ಯೆಯ ದಿನ ಕುಲುಮೆ ಹೊತ್ತಿಸುವುದಿಲ್ಲ. ಮರುದಿನ ಪಾಡ್ಯಕ್ಕೆ ಕೆಲಸಕ್ಕೆ ಹೋದವರು ಸಂಜೆಗೆ ಗಡಗಡ ನಡುಗುತ್ತ ಮಲಗುತ್ತಿದ್ದರು. ಕೇರಿಯವರು ಅಮಾವಾಸ್ಯೆಯ ದೆವ್ವ ಎಂದರು. ಅರಸ ಮೈಗಳ್ಳತನ ಎಂದ. ಅರಮನೆಯ ಮಹಾದ್ವಾರದ ಹಿತ್ತಾಳೆ ಕದ ಮುಗಿಯದ ಸಿಟ್ಟಿಗೆ, ಬರುವ ಹುಣ್ಣಿಮೆಗೆ ಅದರ ಹೊಣೆ ಹೊತ್ತ ನೀಲಣ್ಣನ ತಲೆ ತೆಗೆಸುವುದೆಂದು ಆಜ್ಞೆಯಾಗಿತ್ತು.

"ವರ ಬೇಡಬಹುದಂತೆ ಅತ್ತಿಗೆ," ಎಂದು ಮಾಳಿಂಗ ಎದ್ದ.

"ಒಂದು ತಲೆ ಸಾಲದು ಅಂತ ಇನ್ನೊಂದು ಒಯ್ಯುತ್ತೀಯಾ?" ಎಂದು ಅವಳು ಅತ್ತಳು.

ಸಭೆಯಲ್ಲಿ ಅರಸುಮಕ್ಕಳ ಸಾಲು. ಮುದ್ದಾಜಿ ಮೊದಲ ಒಗಟು ಹೇಳಿದಳು: "ಗಿಡವಿಲ್ಲದೆ ಅರಳೆ ಹಾರುತ್ತದೆ. ಬೆಂಕಿಯಲ್ಲಿ ಹುಟ್ಟಿದ್ದು, ಬೆಂಕಿಗೆ ಸುಡದು. ಏನದು?"

"ಮೋಡ!" ಎಂದ ಒಬ್ಬ ಯುವರಾಜ. ಭಟರು ಅವನ ತೋಳು ಹಿಡಿದರು. "ಕೊಕ್ಕರೆ!" ಎಂದ ಇನ್ನೊಬ್ಬನನ್ನೂ ಎಳೆದೊಯ್ದರು.

ಸಾಲಿನ ಕೊನೆಯಲ್ಲಿದ್ದ ಮಾಳಿಂಗ ಮುಂದೆ ಬಂದ. ಆ ಅರಳೆ ದಿನವೂ ಅವನ ಹುಬ್ಬಿನ ಮೇಲೆಯೇ ಕೂರುತ್ತಿತ್ತು!

"ಸತುವಿನ ಬೂದಿ, ತಾಯಿ. ಕರಗಿದ ತಾಮ್ರಕ್ಕೆ ಸತು ಬಿದ್ದೊಡನೆ ಉರಿದು ಬೆಳ್ಳಗೆ ಮೇಲೇಳುತ್ತದೆ."

ರಾಜಕುಮಾರಿ ನೆಟ್ಟಗೆ ಕೂತಳು. "ಏನೂ ತಿನ್ನದೆ ಬಾಯಿ ಸಿಹಿಯಾಗುತ್ತದೆ; ಆ ಸಿಹಿ ಕಂಡವನು ಕಡುಬೇಸಿಗೆಯಲ್ಲೂ ಕಂಬಳಿ ಕೇಳುತ್ತಾನೆ. ಅದ್ಯಾವ ಊಟ?"

"ಹೊಸ ಮದುವೆ!" ಎಂದು ಮತ್ತೊಬ್ಬ ಅರಸುಮಗ ಎಲ್ಲರನ್ನೂ ನಗಿಸಿದ. ಭಟರು ನಗದೆ ಅವನನ್ನೂ ಎಳೆದೊಯ್ದರು.

"ಆ ಬೂದಿಯನ್ನು ಉಸಿರಿನಲ್ಲಿ ಉಂಡ ಊಟ," ಎಂದ ಮಾಳಿಂಗ. "ಕುಡಿದ ನೀರೂ ಸಿಹಿ. ಸಂಜೆಗೆ ಎದೆ ಬಿಗಿದು ಚಳಿಜ್ವರ. ನಮ್ಮಣ್ಣನಿಗೆ ಮೂರು ಕಂಬಳಿ ಹೊದಿಸಿದ್ದೇನೆ."

"ಕೊನೆಯದು. ದಿನವೂ ಬರುವವನ ಗೊಡವೆಗೆ ಹೋಗದು. ಒಂದು ದಿನ ತಪ್ಪಿಸಿ ಬಂದವನನ್ನು ಕೆಡವುತ್ತದೆ. ಯಾವ ದೆವ್ವ ಅದು? ಸಾಕಿದವರು ಯಾರು?"

"ಅಮಾವಾಸ್ಯೆಯ ದೆವ್ವ!" ಎಂದ ಉಳಿದಿದ್ದ ಕೊನೆಯ ಅರಸುಮಗ. ಅವನೂ ಹೋದ.

ಮಾಳಿಂಗನೂ ಈ ಸಭೆಗೆ ಬರುವವರೆಗೆ ಹಾಗೇ ನಂಬಿದ್ದ. ಥಟ್ಟನೆ ತಂಗಿಯ ಮದುವೆ ನೆನಪಾಯಿತು.

"ದೆವ್ವವಲ್ಲ, ತಾಯಿ! ತಂಗಿಯ ಮದುವೆಗೆಂದು ದಶಮಿಯ ದಿನ ಕೆಲಸ ಬಿಟ್ಟೆ, ಏಕಾದಶಿಗೆ ಬಂದು ಜ್ವರಕ್ಕೆ ಬಿದ್ದೆ. ದೆವ್ವಕ್ಕೆ ತಿಥಿ ತಪ್ಪಿತೇ? ದಿನವೂ ಉಸಿರಾಡಿದರೆ ಮೈ ಆ ಬೂದಿಗೆ ಒಗ್ಗುತ್ತದೆ. ಒಂದು ದಿನ ಒಳ್ಳೆಯ ಗಾಳಿ ಸಿಕ್ಕರೆ ಒಗ್ಗಿದ್ದನ್ನು ಮರೆಯುತ್ತದೆ. ಒಗ್ಗಿದೆಯೆಂದು ಎದೆಗೂಡು ಉಳಿಯುವುದಿಲ್ಲ. ನಮ್ಮ ಮುದುಕರ ಕೆಮ್ಮು ಕೇಳಿ."

"ಸಾಕಿದವರು?" ಅರಸನೇ ಕೇಳಿದ.

ಮಾಳಿಂಗ ಕೈ ಮುಗಿದ. "ಅರಮನೆಯ ಕೆಂಪು ಗೋಡೆಗೆ ಬೂದಿ ಕೂರುತ್ತದೆಂದು ಎರಕದ ಮನೆಯ ಗಾಳಿಗಂಡಿ ಮುಚ್ಚಿಸಿದವರು. ತಾವೇ, ಬುದ್ಧಿ."

ಅರಸನ ಕೈ ಕತ್ತಿಗೆ ಹೋಯಿತು.

"ಉತ್ತರ ಸರಿ, ಅಪ್ಪಾಜಿ," ಎಂದಳು ಮುದ್ದಾಜಿ. "ನನ್ನ ಕಿಟಕಿಯಿಂದ ಎರಕದ ಮನೆ ಕಾಣುತ್ತದೆ. ಗಂಡಿ ತೆರೆಸಿ ಎಂದು ಎರಡು ಸಲ ಹೇಳಿದೆ, ಹುಡುಗಿಯ ಮಾತೆಂದಿರಿ. ಈಗ ಡಂಗುರ ಹೊಡೆಸಿದ್ದೀರಿ, ಮಾತು ತಪ್ಪುವಂತಿಲ್ಲ."

ಅರಸ ಕತ್ತಿಯಿಂದ ಕೈ ತೆಗೆದ. "ವರ ಕೇಳು. ಒಂದೇ."

ಅಣ್ಣನೋ, ಗಾಳಿಯೋ? ಮಾಳಿಂಗ ಒಮ್ಮೆ ಕಣ್ಣು ಮುಚ್ಚಿದ.

"ಮುಚ್ಚಿದ ಗಂಡಿಗಳನ್ನು ಒಡೆಯಬೇಕು, ಬುದ್ಧಿ. ಒಡೆಯುವವರು ಸೆರೆಯಲ್ಲಿರುವ ನನ್ನಣ್ಣ, ಮತ್ತೆ ಶೂಲಕ್ಕೆ ಹೊರಟ ಆ ಅರಸುಮಕ್ಕಳು. ಕೆಲಸ ಮುಗಿಸಿ ಅವರವರ ಮನೆಗೆ ಹೋಗಲಿ."

ಮುದ್ದಾಜಿ ಸೆರಗು ಬಾಯಿಗಿಟ್ಟು ನಕ್ಕಳು. ಅರಸನಿಗೂ ನಗು ತಡೆಯಲಾಗಲಿಲ್ಲ.

ಅರಸುಮಕ್ಕಳ ಅಂಗೈಗಳು ಬೊಬ್ಬೆಯೆದ್ದವು, ಗಂಡಿಗಳಿಗೆ ಅಡ್ಡ ಕಟ್ಟಿದ್ದ ಗೋಡೆ ಬಿತ್ತು. ಮುಂದಿನ ಪಾಡ್ಯಕ್ಕೆ ಕಂಚುಗಾರರ ಕೇರಿಯಲ್ಲಿ ಒಂದು ಕಂಬಳಿಯೂ ಹೊರಬರಲಿಲ್ಲ. ಹೊಸ ಹಿತ್ತಾಳೆ ಕದ ತೆರೆದು ಮಾಳಿಂಗನ ದಿಬ್ಬಣ ಒಳಗೆ ಬರುವಾಗ ಅರಮನೆಯ ಕೆಂಪು ಗೋಡೆಯ ಮೇಲೆ ಬಿಳಿ ಬೂದಿ ಕೂತಿತ್ತು. ಅರಸ ಅದನ್ನು ಒರೆಸಲು ಹೇಳಲಿಲ್ಲ.